ಮುಂದೆ ಇದೆ ಕಣೋ

ನಮ್ಮ ಭಾವನ ಜೊತೆ ಕಾರಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವುದೆಂದರೆ 400 ಕಿಲೋಮೀಟರ್ ಉದ್ದದ ಏಕಾದಶಿ. ಅವರಿಗೆ ಹೋಟೆಲು ಗೊತ್ತಿಲ್ಲವೆಂದಲ್ಲ. ಗೊತ್ತಿರುವುದೇ ತೊಂದರೆ.

ಇಂಥವರು ನಿಮ್ಮ ಕಡೆಯೂ ಒಬ್ಬರಿರುತ್ತಾರೆ. ಭಾವನೋ, ಚಿಕ್ಕಪ್ಪನೋ, ರಿಟೈರಾದ ಪಕ್ಕದ ಮನೆಯವರೋ. ಮುಂದಿನ ಎಡಸೀಟು ಅವರಿಗೇ ಮೀಸಲು. ಸ್ಟೇರಿಂಗ್ ಯಾರ ಕೈಯಲ್ಲಾದರೂ ಇರಲಿ, ಬ್ರೇಕು ಮಾತ್ರ ಅವರ ಬಾಯಲ್ಲಿ.

ಹೋದ ತಿಂಗಳು ಗೃಹಪ್ರವೇಶಕ್ಕೆಂದು ಬೆಳಿಗ್ಗೆ 7ಕ್ಕೆ ಹೊರಟೆವು. ಹಳೇ ಎನ್‌ಎಚ್ 4, ಈಗಿನ 48. ಎಂಟೂಕಾಲಿಗೆ ಕ್ಯಾತ್ಸಂದ್ರ. ತುಮಕೂರಿನ ಬಾಗಿಲಲ್ಲೇ ಇರುವ ಈ ಊರಿನ ತಟ್ಟೆ ಇಡ್ಲಿಯ ವಿಷಯ ನಾನು ಹೇಳಬೇಕಾಗಿಲ್ಲ. ಅಂಗೈಗಿಂತ ಅಗಲ, ಮೇಲೊಂದು ಬೆಣ್ಣೆಯ ಉಂಡೆ, ಅದು ಕರಗುವುದರೊಳಗೆ ಚಟ್ನಿ ಬರಬೇಕು. ನಾನು ಇಂಡಿಕೇಟರ್ ಹಾಕಿದೆ.

"ಏನೋ ಇದು? ಈಗಷ್ಟೇ ಹೊರಟಿದೀವಿ. ಇಲ್ಲೇ ಹೊಟ್ಟೆ ತುಂಬಿಸ್ಕೊಂಡ್ರೆ ದಾವಣಗೆರೆ ಬೆಣ್ಣೆದೋಸೆಗೆ ಜಾಗ ಎಲ್ಲಿರತ್ತೆ? ನಡಿ, ಮುಂದೆ ಇದೆ."

ದಾವಣಗೆರೆ ಅಲ್ಲಿಂದ 190 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಅಕ್ಕ ಉಸಿರು ಬಿಟ್ಟದ್ದು ಎಸಿ ಸದ್ದಿನ ನಡುವೆಯೂ ಕೇಳಿಸಿತು.

ಶಿರಾ ದಾಟುವಾಗ ಭಾವ ತಮ್ಮ ಶಾಸ್ತ್ರ ಬಿಚ್ಚಿದರು. ಹೋಟೆಲಿನ ಬೋರ್ಡು ನೋಡಬಾರದಂತೆ, ಮುಂದೆ ನಿಂತ ಗಾಡಿಗಳ ನಂಬರ್ ಪ್ಲೇಟು ನೋಡಬೇಕಂತೆ. ಕೆಎ 01ರಿಂದ 05ರವರೆಗಿನವೇ ಸಾಲಾಗಿ ನಿಂತಿದ್ದರೆ ಅದು ಬೆಂಗಳೂರಿನವರನ್ನು ಕಾದು ಕೂತ ಹೋಟೆಲು. ತುಮಕೂರು ಸೀಮೆಯಲ್ಲಿ 06, ಚಿತ್ರದುರ್ಗದಲ್ಲಿ 16, ದಾವಣಗೆರೆಯಲ್ಲಿ 17 ಕಾಣಬೇಕು. ಊರಿನವನು ದಿನಾ ತಿನ್ನುವ ಕಡೆ ಸೋಡಾ ಹಾಕಿ ಬದುಕಲಾಗದು. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಮೂರೂ ಬರೆದಿದ್ದರೆ ಮೂರೂ ಬರುವುದಿಲ್ಲವೆಂದು ಅರ್ಥ. ಮೊದಲು ಕೈ ತೊಳೆಯುವ ಜಾಗ ನೋಡಬೇಕು, ಆಮೇಲೆ ಮೆನು.

ಒಪ್ಪಬೇಕಾದ ಮಾತು: ಇದರಲ್ಲಿ ಒಂದೂ ತಪ್ಪಲ್ಲ. ಆದರೆ ಇಷ್ಟೆಲ್ಲ ಪರೀಕ್ಷೆಯಲ್ಲಿ ಪಾಸಾಗುವ ಹೋಟೆಲು 100 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನ ಕಿಟಕಿಗೆ ಸಿಗುವುದಿಲ್ಲ. "17 ಇತ್ತು, ಅಲ್ಲಿತ್ತು, ಹೋಯ್ತು!" ಎಂದು ಭಾವ ಕೂಗುವ ಹೊತ್ತಿಗೆ ಹೋಟೆಲು ಹಿಂದಿನ ಗಾಜಿನಲ್ಲಿರುತ್ತದೆ.

ಹಿರಿಯೂರಿನ ಆಚೆ ಒಂದು ಕಡೆ ಎಂಟು ಹತ್ತು ಲಾರಿ ನಿಂತಿದ್ದವು. "ನಿಲ್ಸು! ಲಾರಿಯವರು ನಿಲ್ಸಿದಾರೆ ಅಂದ್ರೆ ಊಟ ಚೆನ್ನಾಗಿದೆ ಅಂತಾನೇ." ನಿಲ್ಲಿಸಿದೆ. ಇಳಿದು ನೋಡಿದರೆ ಪಂಕ್ಚರ್ ಅಂಗಡಿ. ಭಾವ ಸೋಲೊಪ್ಪಲಿಲ್ಲ. ಅಲ್ಲಿ ಟೈರ್ ಬಿಚ್ಚುತ್ತಿದ್ದ ಹುಡುಗನನ್ನೇ ಒಳ್ಳೇ ಹೋಟೆಲು ಎಲ್ಲಿದೆಯೆಂದು ಕೇಳಿದರು. ಅವನು ಟಿಫಿನ್ ಡಬ್ಬಿ ಎತ್ತಿ ತೋರಿಸಿ, "ನಾ ಮನೆಯಿಂದ ತರ್ತೀನಿ ಸಾರ್" ಅಂದ.

ದಾವಣಗೆರೆ ತಲುಪಿದಾಗ 11.45. ಹೆದ್ದಾರಿ ಈಗ ಯಾವ ಊರಿನ ಒಳಕ್ಕೂ ಹೋಗುವುದಿಲ್ಲ, ಬೈಪಾಸಿನಲ್ಲಿ ಬೆನ್ನು ತೋರಿಸಿ ಸರಿದುಹೋಗುತ್ತದೆ. ಬೆಣ್ಣೆದೋಸೆ ಮಾತ್ರ ಒಳಗೇ ಉಳಿದಿದೆ. ಆಟೋ, ಸ್ಕೂಟರು, ಒನ್‌ವೇಗಳ ನಡುವೆ ಮುಕ್ಕಾಲು ಗಂಟೆ ಸುತ್ತಿ ಭಾವನ "ಖಾಸಾ" ಅಂಗಡಿ ಹಿಡಿದೆವು. ಬಾಗಿಲು ಅರ್ಧ ಎಳೆದಿತ್ತು. ಕಾವಲಿ ತೊಳೆಯುತ್ತಿದ್ದವರು ತಲೆಯೆತ್ತದೆ, "ಹಿಟ್ಟು ಮುಗೀತು. ಸಂಜೆ ನಾಲ್ಕಕ್ಕೆ ಬರ್ರಿ" ಅಂದರು.

"ನೋಡಿದ್ಯಾ? ಒಳ್ಳೇ ಅಂಗಡಿ ಅಂದ್ರೆ ಇದು! ಸಂಜೆವರೆಗೂ ಹಿಟ್ಟು ಉಳಿಸ್ಕೊಳ್ಳೋನು ದೋಸೆ ಮಾಡ್ತಾನೇನೋ?" ಭಾವನ ಮುಖದಲ್ಲಿ ಹೆಮ್ಮೆ, ಅವರೇ ಹಿಟ್ಟು ರುಬ್ಬಿ ಖಾಲಿ ಮಾಡಿದ ಹಾಗೆ. ಮಕ್ಕಳು ಡ್ಯಾಶ್‌ಬೋರ್ಡಿನಲ್ಲಿದ್ದ ಕೆಮ್ಮಿನ ಪೆಪ್ಪರ್‌ಮಿಂಟು ಹಂಚಿಕೊಂಡರು.

ಅಕ್ಕ ಆವರೆಗೆ ಒಂದು ಮಾತೂ ಆಡಿರಲಿಲ್ಲ. ಹಾವೇರಿ ಹತ್ತಿರ ಬಂದಾಗ, "ಇಲ್ಲಿ ನಿಲ್ಸು" ಅಂದಳು. ನಂಬರ್ ಪ್ಲೇಟು ಯಾರೂ ನೋಡಲಿಲ್ಲ. ಸರ್ವಿಸ್ ರಸ್ತೆಯ ಪಕ್ಕದಲ್ಲೊಂದು ತಗಡಿನ ಮಾಡು, "ಖಾನಾವಳಿ" ಎಂದಷ್ಟೇ ಬರೆದ ಹಲಗೆ, ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು. ಗಂಟೆ ಎರಡೂವರೆ.

"ಅನ್ನ ತೀರೇತ್ರೀ. ರೊಟ್ಟಿ ಅದಾವ, ಕೂಡ್ರಿ" ಅಂದರು ಒಳಗಿದ್ದ ಅಜ್ಜಿ.

ಹೆಂಚಿನಿಂದ ಇಳಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಜಜ್ಜಿದ ಉಳ್ಳಾಗಡ್ಡಿ. ಕೈ ತೊಳೆಯುವ ಜಾಗ ಹೇಗಿತ್ತೆಂದು ನನಗೀಗ ನೆನಪಿಲ್ಲ, ತೊಳೆದೆವೋ ಇಲ್ಲವೋ ಅದೂ ನೆನಪಿಲ್ಲ. ಭಾವ ಐದು ರೊಟ್ಟಿ ತಿಂದರು, ಮೌನವಾಗಿ. ಆರನೆಯದಕ್ಕೆ ಕೈ ಚಾಚಿದಾಗ ಅಕ್ಕ, "ಮುಂದೆ ಇದೆ ಅಲ್ವಾ?" ಅಂದಳು.

ಗೃಹಪ್ರವೇಶದ ಮನೆಯಲ್ಲಿ ಸಂಜೆ ಭಾವನ ಸುತ್ತ ಆರೇಳು ಜನ. "ಹಾವೇರಿ ಹತ್ರ ಒಂದು ಖಾನಾವಳಿ ಇದೆ ನೋಡಿ, ಬೋರ್ಡು ಗೀರ್ಡು ಇಲ್ಲ, ಗೊತ್ತಿದ್ದವರಿಗೆ ಮಾತ್ರ ಸಿಗೋದು. ನಾನು ಇವರಿಗೆಲ್ಲ ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೆ, ಮುಂದೆ ಇದೆ, ಮುಂದೆ ಇದೆ ಅಂತ!" ಕೇಳುತ್ತಿದ್ದವರಲ್ಲಿ ಇಬ್ಬರು ಜಾಗದ ಗುರುತನ್ನು ಫೋನಿನಲ್ಲಿ ಬರೆದುಕೊಂಡರು.

ಅವರಿಗೂ ನಿಮಗೂ ನಾನು ಹೇಳುವುದಿಷ್ಟೇ: ಆ ದಾರಿಯಲ್ಲಿ ಹೊರಟರೆ ಕ್ಯಾತ್ಸಂದ್ರದಲ್ಲಿ ಇಳಿದು ಎರಡು ತಟ್ಟೆ ಇಡ್ಲಿ ತಿಂದುಬಿಡಿ. ಎಡಸೀಟಿನವರನ್ನು ಕೇಳಬೇಡಿ.