ಸೋಮವಾರದಿಂದ

ನಂಜನಗೂಡಿನ ಸುತ್ತಮುತ್ತ ದೇವರ ಕೆಲಸ ಏನಿದ್ದರೂ ಸೋಮವಾರದಿಂದಲೇ ಶುರು. ಶ್ರೀಕಂಠೇಶ್ವರನ ವಾರ, ಬೇಡ ಎನ್ನುವವರು ಯಾರು? ಇದರ ಅನುಕೂಲ ಏನೆಂದರೆ, ಪೂಜೆ ಮಂಗಳವಾರ ತಪ್ಪಿದರೆ ಮತ್ತೆ ಹಿಡಿಯುವುದಕ್ಕೆ ಮುಂದಿನ ಸೋಮವಾರದವರೆಗೆ ಆರಾಮ. ಆ ಸೋಮವಾರ ನೆಂಟರ ಮದುವೆ ಬೀಳುತ್ತದೆ, ಇಲ್ಲವೇ ಆಷಾಢ ಬರುತ್ತದೆ, ಏನೂ ಇಲ್ಲದಿದ್ದರೆ ದಾಯಾದಿಗಳ ಮನೆಯ ಸೂತಕವಾದರೂ ಇದ್ದೇ ಇರುತ್ತದೆ. ಇಷ್ಟಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಶರಣರು ಹೇಳಿ ಎಂಟು ಶತಮಾನ ದಾಟಿತು. ನಮಗೆ ಸೂತಕ ಬೇಕಾದಾಗ ಮಾತ್ರ ಬರುತ್ತದೆ.

ನಮ್ಮ ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ನೌಕರಿಯಲ್ಲಿದ್ದಾಗ ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲೂ ಲಿಂಗಪೂಜೆ ತಪ್ಪಿಸಿದವರಲ್ಲ. ನಿವೃತ್ತಿಯಾಗಿ ದಿನವಿಡೀ ಬಿಡುವು ಸಿಕ್ಕ ಮೇಲೆ ಪೂಜೆಗೆ ಹೊತ್ತೇ ಸಾಲದಾಯಿತು! ಮೊದಲು ಪೇಪರ್ ಓದಿದ ಮೇಲೆ ಅಂದರು, ಆಮೇಲೆ ವಾಕಿಂಗ್ ಮುಗಿಸಿ ಬಂದು ಅಂದರು, ಕೊನೆಗೆ ಲಿಂಗದ ಕರಡಿಗೆ ಎದೆಯ ಮೇಲೆ ಸುಮ್ಮನೆ ತೂಗಾಡುತ್ತಾ ಉಳಿಯಿತು. ಮತ್ತೆ ಶುರು ಮಾಡಬೇಕೆನ್ನಿಸಿದಾಗಲೆಲ್ಲ ಅವರು ಅಂಗಡಿಗೆ ಹೋಗುತ್ತಿದ್ದರು. ಹೊಸ ಮಣೆ ಬಂತು, ವಿಭೂತಿ ಗಟ್ಟಿ ಬಂತು, ಮೊಬೈಲಿಗೆ ಘಂಟಾನಾದದ ಅಲಾರಂ ಬಂತು. ಬರದೆ ಉಳಿದದ್ದು ಚಿಕ್ಕಪ್ಪನೇ. ಈ ಸಲ ಖಾದಿಯ ಲಿಂಗವಸ್ತ್ರ ಬೇಕು ಅಂದರು.

"ಮನೆಯಲ್ಲೇ ಇದೆಯಲ್ಲ ಚಿಕ್ಕಪ್ಪ?" ಅಂದೆ.

"ಅದು ಮಿಲ್ಲಿನ ಬಟ್ಟೆ ಕಣೋ, ಮನಸ್ಸು ನಿಲ್ಲಲ್ಲ."

ಹಾಗೆ ನಾವು ಬದನವಾಳಿಗೆ ಹೋದದ್ದು. ಗಾಂಧೀಜಿ ಕಾಯಿಲೆ ಬಿದ್ದು ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ಬಂದು ಮೈಸೂರು ಸೀಮೆ ಸುತ್ತಿದ 1927ರಷ್ಟು ಹಳೆಯದು ಅಲ್ಲಿನ ಖಾದಿ ಕೇಂದ್ರದ ಕಥೆ. ಇದೇ ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿಯನ್ನು ಮನೆಮನೆಗೆ ಹೊತ್ತದ್ದೂ ಆ ಕಾಲದಲ್ಲೇ. ಗಾಂಧೀಜಿಗೆ ನೂಲುವುದು ಬರೀ ಕಸುಬಲ್ಲ, ಯಜ್ಞ. ದಿನಕ್ಕೆ ಅರ್ಧ ಗಂಟೆ, ದರಿದ್ರನಾರಾಯಣನ ಹೆಸರಿನಲ್ಲಿ. ತುಪ್ಪವಿಲ್ಲ, ಸಮಿತ್ತಿಲ್ಲ, ಪುರೋಹಿತರಿಗೆ ದಕ್ಷಿಣೆ ಇಲ್ಲ. ಇಷ್ಟು ಅಗ್ಗದ ಯಜ್ಞವನ್ನೂ ಜನ ನಡೆಸಿಕೊಂಡು ಹೋದರೇ ಎಂದು ಕೇಳಿದರೆ ಬೆಳಗಾವಿಯ ಕಥೆ ಹೇಳಬೇಕಾಗುತ್ತದೆ.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸು ಸೇರಿತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಸದಸ್ಯರಾಗುವವರು ಇನ್ನು ಮೇಲೆ ನಾಲ್ಕಾಣೆ ಕೊಟ್ಟರೆ ಸಾಲದು, ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂದು ನಿಯಮವಾಯಿತು. ಆದರೆ ಅದರಲ್ಲೊಂದು ಕಿಂಡಿ ಇತ್ತು: ನೂಲಲಾರದವರು, ನೂಲಲು ಮನಸ್ಸಿಲ್ಲದವರು ಬೇರೆಯವರು ತೆಗೆದ ನೂಲನ್ನು ತಂದೊಪ್ಪಿಸಬಹುದಿತ್ತು. ನಮಗೆ ಇದೇನು ಹೊಸದೇ? ನಾವು ಮನೆಯಲ್ಲಿ ಕೂತು ಅರ್ಚಕರಿಗೆ ಹೆಸರು, ನಕ್ಷತ್ರ ಬರೆದುಕೊಟ್ಟು ರುದ್ರಾಭಿಷೇಕ ಮಾಡಿಸುವುದಿಲ್ಲವೇ? ವರ್ಷ ತುಂಬುವುದರೊಳಗೆ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ಸೇರಿದ ಸಭೆ ನಾಲ್ಕಾಣೆಯೂ ಆದೀತು ಎಂದಿತು. ನೂಲುವ ಆಸಕ್ತಿ ನಿಜವಾಗಿ ಇದ್ದವರಿಗಾಗಿ ಅಖಿಲ ಭಾರತ ಚರಕ ಸಂಘವೇ ಬೇರೆ ಹುಟ್ಟಿತು. ದೇಶದ ದೊಡ್ಡ ದೊಡ್ಡ ವಕೀಲರೇ ಉಳಿಸಿಕೊಳ್ಳಲಾರದ ವ್ರತವನ್ನು ಚಿಕ್ಕಪ್ಪ ಬಿಟ್ಟರೆಂದು ನಾನು ದೂರುವುದು ಹೇಗೆ?

ಕೇಂದ್ರದಲ್ಲಿ ಇದ್ದದ್ದು ಗಾಂಧೀಜಿಯ ಫೋಟೋದಲ್ಲಿ ಕಾಣುವ ಚರಕವಲ್ಲ. ಹಿಡಿಕೆ ತಿರುಗಿಸುವ ಅಂಬರ ಚರಕ, ಅದಕ್ಕೆ ಸಾಲಾಗಿ ಕದಿರು. ಒಬ್ಬ ಅಜ್ಜಿ ತಿರುಗಿಸುತ್ತಿದ್ದರು. ಸಾಲಿನಲ್ಲಿ ಒಂದೆಳೆ ಕಡಿಯಿತು. ಹಿಡಿಕೆ ನಿಲ್ಲಿಸಿ, ಕದಿರಿನ ಮೇಲೆ ಬೆರಳಾಡಿಸಿ ತುದಿ ಹುಡುಕಿ, ಮೇಲಿಂದ ಇಳಿಯುವ ಅರಳೆಯ ಎಳೆಗೆ ಅದನ್ನು ತಾಗಿಸಿ ಮತ್ತೆ ತಿರುಗಿಸಿದರು. ಅಷ್ಟರಲ್ಲಿ ಇನ್ನೊಂದು ಕಡಿಯಿತು. ಮುಖದಲ್ಲಿ ಬೇಸರವೂ ಇಲ್ಲ, ವೈರಾಗ್ಯವೂ ಇಲ್ಲ. ಇಂಥದ್ದನ್ನು ಕಂಡರೆ ಬದುಕಿಗೆ ಹೋಲಿಸಿ ಭಾಷಣ ಬಿಗಿಯುವವರಿದ್ದಾರೆ. ಅಜ್ಜಿಗೆ ಅದನ್ನು ಕೇಳುವ ಪುರುಸೊತ್ತಿಲ್ಲ, ನೂಲಿನ ಲಡಿ ಲೆಕ್ಕದ ಕೂಲಿ.

ಚಿಕ್ಕಪ್ಪ ಮಾತ್ರ ಬಿಡಲಿಲ್ಲ. "ದಿನಾ ಇದೇ ಕೆಲಸ ಮಾಡೋದಕ್ಕೆ ಮನಸ್ಸು ಹೆಂಗಮ್ಮ ಬರುತ್ತೆ?"

"ಮನ್ಸು ಬಂದ್ಮೇಲೆ ಕುಂತ್ಕಳದ? ಕುಂತ್ಕಂಡ್ಮೇಲೆ ಬತ್ತದೆ ಕನ ಮೇಷ್ಟ್ರೆ. ಬರ್ನಿಲ್ಲ ಅಂದ್ರೂ ಲಡಿ ಆಯ್ತದೆ."

ಉತ್ಸಾಹ ಕುಂದಿದೆ, ಪ್ರೇರಣೆ ಬೇಕು ಎಂದು ನರಳುವುದೆಲ್ಲ ಕೂಲಿಯಿಲ್ಲದ ಕೆಲಸ ಮಾಡುವ ನಮ್ಮಂಥವರ ಕಾಯಿಲೆ. ಕೂಲಿಯವರಿಗೆ ಆ ಐಷಾರಾಮ ಇಲ್ಲ. ಗಾಂಧೀಜಿ ಯಜ್ಞಕ್ಕೂ ಗಜದ ಲೆಕ್ಕ ಹಾಕಿದ್ದು ಸುಮ್ಮನಲ್ಲ ಅನ್ನಿಸುತ್ತದೆ. ಭಕ್ತಿ ಎಷ್ಟಿದೆ ಎಂದು ಯಾರೂ ಅಳೆಯಲಾರರು, ನೂಲನ್ನು ಅಳೆಯಬಹುದು.

ಬದನವಾಳಿನಲ್ಲಿ ನೂಲಿಗಿಂತ ದೊಡ್ಡದೂ ಕಡಿದಿತ್ತು. 1993ರ ಮಾರ್ಚಿನಲ್ಲಿ ಸಿದ್ಧೇಶ್ವರ ದೇವಸ್ಥಾನದ ಪ್ರವೇಶದ ಸಂಗತಿಯಲ್ಲಿ ಎದ್ದ ದ್ವೇಷಕ್ಕೆ ಮೂವರು ದಲಿತರು ಬಲಿಯಾದರು. ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವಿನ ದಾರಿಯಲ್ಲಿ ಜನ ಓಡಾಡುವುದೇ ನಿಂತಿತು. ಕಾಯಕವೇ ಕೈಲಾಸ ಎನ್ನುವವರ ನೆರೆಯಲ್ಲಿ, ಗಾಂಧಿಯ ಚರಕದ ಊರಿನಲ್ಲಿ! ಇದರಲ್ಲಿ ನಗುವಂಥದ್ದು ಏನೂ ಇಲ್ಲ. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿಯವರ ಪಾದಯಾತ್ರೆ ಬಂದಾಗ ಆ ದಾರಿ ಮತ್ತೆ ತೆರೆಯಿತು, ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡರು. ದೊಡ್ಡವರು ಬಂದ ದಿನ ಶುರು ಮಾಡುವುದು ಸುಲಭ. ಅವರು ಹೋದ ಮಾರನೆಯ ದಿನ ಆ ದಾರಿಯಲ್ಲಿ ನೀರಿನ ಕೊಡ ಹೊತ್ತು ನಡೆಯುವವರದ್ದೇ ನಿಜವಾದ ವ್ರತ. ಅದಕ್ಕೂ ಮೊದಲು, 2015ರಲ್ಲಿ, ರಂಗಕರ್ಮಿ ಪ್ರಸನ್ನ ಸೊರಗಿದ್ದ ಈ ಖಾದಿ ಕೇಂದ್ರದ ಅಂಗಳದಲ್ಲಿ ಸತ್ಯಾಗ್ರಹ ಕೂತು, ಏಪ್ರಿಲ್ 19ರಂದು ದೇಶದ ಕೈಕಸುಬಿನವರನ್ನೂ ಚಿಂತಕರನ್ನೂ ಸೇರಿಸಿದ್ದರು. ಸಮಾವೇಶ ಒಂದೇ ದಿನ ನಡೆಯುತ್ತದೆ, ಹಿಡಿಕೆ ತಿರುಗಿಸುವುದು ದಿನಾ ಆಗಬೇಕು.

ಚಿಕ್ಕಪ್ಪ ಈಗ ಕೂರುತ್ತಾರೆ, ಪೇಪರಿಗಿಂತ ಮುಂಚೆ. ಮನಸ್ಸು ನಿಲ್ಲುತ್ತದೆಯೇ ಎಂದು ಕೇಳಿದರೆ, "ಅದರ ಪಾಡಿಗೆ ಅದು ಎಲ್ಲೋ ಸುತ್ತಾಡಿಕೊಂಡು ಬರುತ್ತೆ, ನಾನಂತೂ ಮಣೆ ಬಿಟ್ಟು ಏಳಲ್ಲ" ಅನ್ನುತ್ತಾರೆ. ಹೊಸ ಲಿಂಗವಸ್ತ್ರ ಇನ್ನೂ ಕವರಿನಲ್ಲೇ ಇದೆ.

ಚಾಮರಾಜನಗರದ ಕಡೆ ಹೋಗುವವರು ಬದನವಾಳಿನಲ್ಲಿ ಇಳಿದರೆ ಚರಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದುಬಿಡಬೇಡಿ. ಒಂದು ಟವೆಲ್ಲನ್ನೋ ಪಂಚೆಯನ್ನೋ ಕೊಳ್ಳಿ. ನೂತವರಿಗೆ ಕೂಲಿ ಹುಟ್ಟುವುದು ಅದರಿಂದಲೇ.