ಗ್ಯಾಸ್ ಮಾವ

ನಮ್ಮ ಸೋದರಮಾವನ ಪ್ರಕಾರ ಮನುಷ್ಯನಿಗೆ ಬರುವುದು ಒಂದೇ ಕಾಯಿಲೆ. ಎದೆ ಹಿಡಿದರೆ ಗ್ಯಾಸು. ಬೆನ್ನು ಹಿಡಿದರೆ ಅದೇ ಗ್ಯಾಸು ಹಿಂದಕ್ಕೆ ಹೋಗಿದೆ. ಎಡಗೈ ಸೆಳೆದರೆ ಕೈಗಿಳಿದಿದೆ, ತಲೆ ಸಿಡಿದರೆ ಮೇಲಕ್ಕೇರಿದೆ. ಹಾಸನದ ಅವರ ಮನೆಯ ಷೋಕೇಸಿನ ಕೆಳಗಿನ ಖಾನೆ ಒಂದು ಸಣ್ಣ ಮೆಡಿಕಲ್ ಶಾಪು. ಈನೋ, ಜೆಲುಸಿಲ್, ಹಾರ್ಲಿಕ್ಸ್ ಬಾಟಲಿಯಲ್ಲಿ ಓಮ, ಡಬ್ಬಿಯಲ್ಲಿ ಇಂಗು. ತಲೆನೋವಿನ ಖಾತೆ ಬೇರೆ. ಅದನ್ನು 1893ರಿಂದ ದೇಶದ ಹಣೆಗಳನ್ನು ಕಾಯುತ್ತಿರುವ ಅಮೃತಾಂಜನ ನೋಡಿಕೊಳ್ಳುತ್ತದೆ.

ಮಾವ ಜಿಪುಣರಲ್ಲ. ಯಾರಿಗೆ ನೋವು ಬಂದರೂ ಮೊದಲು ಎದ್ದು ಓಡುವವರು ಅವರೇ. ತೊಂದರೆ ಏನೆಂದರೆ, ಓಡುವುದು ಷೋಕೇಸಿನ ಕಡೆಗೆ. ನಾನು ಊರಿಗೆ ಹೋದಾಗ ಸುಮ್ಮನೆ ಆಕಳಿಸಿದರೂ ಲೋಟ ತುಂಬ ಇಂಗಿನ ಮಜ್ಜಿಗೆ ಬರುತ್ತದೆ. ಕುಡಿಯುತ್ತೇನೆ. ಕುಡಿದ ಮೇಲೆ ಹಾಯೆನಿಸುತ್ತದೆ ಎಂಬುದನ್ನು ಮಾತ್ರ ಇವತ್ತಿನವರೆಗೆ ಅವರ ಮುಂದೆ ಬಾಯಿ ಬಿಟ್ಟಿಲ್ಲ.

ಅರಸೀಕೆರೆ ಕಡೆಯ ಒಂದು ಮದುವೆಯಲ್ಲಿ ಮಾವನ ವೈದ್ಯಕೀಯ ಪರಾಕಾಷ್ಠೆ ಮುಟ್ಟಿತು. ಎರಡನೇ ಪಂಕ್ತಿ ಎದ್ದಿತ್ತು. ಅತ್ತೆಯ ತಮ್ಮ ಕೈ ತೊಳೆದು ಬಂದವರು ಕಂಬಕ್ಕೊರಗಿ ನಿಂತುಬಿಟ್ಟರು. ಮುಖವೆಲ್ಲ ಬೆವರು, ಜುಬ್ಬದ ಬೆನ್ನು ಒದ್ದೆ. "ಎದೆ ಮೇಲೆ ಯಾರೋ ಕೂತಂಗಿದೆ ಭಾವ" ಅಂದರು.

"ಹೋಳಿಗೆ ಎಷ್ಟು ತಿಂದೆ?" ಇದು ಮಾವನ ತಪಾಸಣೆ.

"ಮೂರು."

"ಮತ್ತೆ! ಗ್ಯಾಸು ಕಣೋ. ಸುಮ್ನೆ ಹೆದರ್ಕೋಬೇಡ."

ನಿಂಬೆಹಣ್ಣು ಹಿಂಡಿದ ಸೋಡಾ ಬಂತು. ಕುಡಿಸಿದ್ದಾಯಿತು. ಆಮೇಲೆ ಮಾವ ಅವರ ತೋಳು ಹಿಡಿದು ಛತ್ರದ ಉದ್ದಕ್ಕೂ ನಡೆಸತೊಡಗಿದರು. ಕುಸಿಯುತ್ತಿರುವವರನ್ನು ನಡೆಸಿದರೆ ಹೃದಯಕ್ಕೆ ಇನ್ನಷ್ಟು ಭಾರ ಬೀಳುತ್ತದೆ. ಆದರೆ ಹೇಳುವವರು ಯಾರು? ಬೆನ್ನು ಗುದ್ದಿ ಗುದ್ದಿ ಕೊನೆಗೊಂದು ತೇಗು ಬಂತು. ತೇಗೆಂದರೆ ಎಂಥ ತೇಗು, ವಾಲಗದವರು ತಿರುಗಿ ನೋಡಿದರು. ಮಾವ ಸುತ್ತಲೂ ಒಮ್ಮೆ ಕಣ್ಣು ಹಾಯಿಸಿ, ಹೆಗಲ ಟವೆಲ್ಲು ಕೊಡವಿ, "ಬಂತಲ್ಲ, ಮುಗೀತು" ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಗಂಡಿನ ಕಡೆಯ ಒಬ್ಬ ಹುಡುಗಿ, ತಾಲ್ಲೂಕು ಆಸ್ಪತ್ರೆಯ ನರ್ಸ್ ಅಂತೆ, ಕೈತುಂಬ ಮೆಹಂದಿ ಹಾಕಿಕೊಂಡವಳು, ಜನರನ್ನು ಸರಿಸಿ ಬಂದಳು. "ಅಂಕಲ್, ದವಡೆ ನೋಯ್ತಿದ್ಯಾ? ಕೈ? ಶುಗರ್ ಇದ್ಯಾ?" ಮೂರಕ್ಕೂ ಹೌದು. "ಕಾರ್ ಯಾರ್ದಿದೆ?" ಎಂದಳು. ಮಾವ "ಅಲ್ಲಮ್ಮ, ತೇಗು..." ಎನ್ನುವಷ್ಟರಲ್ಲಿ ಕಾರು ಗೇಟು ದಾಟಿತ್ತು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋಗಿಬಿಟ್ಟರಲ್ಲ, ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡಾಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಅಲ್ಲೇ ಬಿಟ್ಟಿ ಸಿಗುತ್ತದೆ. ಅತ್ತೆಯ ತಮ್ಮನಿಗೆ ಅದು ಸಿಕ್ಕಿತು. ಆಮೇಲೆ ಮೈಸೂರಿನಲ್ಲಿ ಸ್ಟೆಂಟು ಹಾಕಿದರು. ನೋಡಲು ಹೋದ ಮಾವ ಹಾಸಿಗೆಯ ಪಕ್ಕ ಕೂತು, ಮೂಸಂಬಿ ಸುಲಿಯುತ್ತಾ, ಗಂಭೀರವಾಗಿ ಹೇಳಿದರು: "ನೋಡ್ದಾ, ಗ್ಯಾಸು ಜಾಸ್ತಿಯಾದ್ರೆ ಹಾರ್ಟಿಗೂ ಹೊಡೆಯುತ್ತೆ."

ಇಂಥವರ ಹತ್ತಿರ ವಾದ ಮಾಡುವುದು ಹೇಗೆ? 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟೀವಿಯಲ್ಲಿ ಹಗಲೂ ರಾತ್ರಿ ಓಡಿ, ಏನೂ ಆಗದವರೆಲ್ಲ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಕ್ಯೂ ನಿಂತರು. ಲಕ್ಷಣ ಇಲ್ಲದವರು ಹೀಗೆ ಮುಗಿಬೀಳುವ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದ್ದೇ ತಡ, ಮಾವ ಫೋನ್ ಮಾಡಿದರು. "ಕೇಳಿಸ್ಕೊಂಡ್ಯಾ? ಡಾಕ್ಟ್ರೇ ಬರಬೇಡಿ ಅಂತಿದಾರೆ." 'ಲಕ್ಷಣ ಇಲ್ಲದವರು' ಎಂಬ ಭಾಗ ಆ ಫೋನಿನಲ್ಲಿ ಹಾಸನದಿಂದ ನನ್ನವರೆಗೆ ಬರಲೇ ಇಲ್ಲ.

ತಲೆನೋವಿನಲ್ಲೂ ಅದೇ ಕಥೆ. ಅತ್ತೆಗೆ ವಾರಗಟ್ಟಲೆ ಹಿಂದಲೆ ನೋವು. ಕಾಫಿ ತಪ್ಪಿದ್ದು, ಪಿತ್ತ, ಧಾರಾವಾಹಿ ನೋಡಿದ್ದು ಎಂದು ಕಾರಣ ದಿನಕ್ಕೊಂದು. ಗುಳಿಗೆ ಮಾತ್ರ ದಿನಾ. ನೋವಿನ ಗುಳಿಗೆಯನ್ನೇ ಅನ್ನದ ಹಾಗೆ ನುಂಗಿದರೆ ಆ ಗುಳಿಗೆಯೇ ತಲೆನೋವು ತರುತ್ತದೆ, ಕೆಲವು ಗುಳಿಗೆ ಬಿಪಿಯನ್ನೂ ಏರಿಸುತ್ತವೆ. ಕೊನೆಗೆ ಅತ್ತೆ ಮಾವನಿಗೆ ಹೇಳದೆ, ಸೊಪ್ಪು ತರುತ್ತೇನೆಂದು ಹೊರಟು ಬಿಪಿ ನೋಡಿಸಿ ಬಂದರು. 140/90 ದಾಟಿದರೆ ಹೆಚ್ಚು ಎನ್ನುವ ಲೆಕ್ಕದಲ್ಲಿ ಅವರದ್ದು ಬಹಳ ಮೇಲಿತ್ತು. ಬಿಪಿ ಇದ್ದರೆ ತಲೆ ನೋಯಲೇಬೇಕೆಂದೇನೂ ಇಲ್ಲ, ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಅತ್ತೆಗೆ ತಲೆನೋವು ಬಂದದ್ದೇ ಒಳ್ಳೆಯದಾಯಿತು, ಆ ನೆಪದಲ್ಲಾದರೂ ಪಟ್ಟಿ ಕಟ್ಟಿ ನೋಡಿದರು.

ಮಾವನನ್ನು ಬೈಯುವಾಗ ನನಗೆ ನೆನಪಾಗುವುದು ಅವರ ವೃತ್ತಿ. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಬೀದಿಯಲ್ಲಿ ಒಂದು ಬಲ್ಬು ಮಿಣಕ್ ಅಂದರೂ ಮಳೆಯಲ್ಲಿ ಟಾರ್ಚು ಹಿಡಿದು ಕಂಬದ ಬುಡಕ್ಕೆ ಹೋಗುತ್ತಿದ್ದರು. ಹೃದಯದಲ್ಲೂ ಕರೆಂಟು ಹರಿಯುತ್ತದೆ, ಇಸಿಜಿ ಅದನ್ನೇ ಕಾಗದದ ಮೇಲೆ ಬರೆಯುವ ಮೆಷೀನು ಎಂದು ಹೇಳಿದರೆ "ಹೌದಾ?" ಎಂದು ಆಸಕ್ತಿಯಿಂದ ಕೇಳಿ, ಇನ್ನೊಂದು ಚಮಚ ಓಮ ಬಾಯಿಗೆ ಹಾಕಿಕೊಳ್ಳುತ್ತಾರೆ.

ಅಜ್ಜ ಹೋದದ್ದು ಎದೆನೋವಿನಿಂದಲೇ. ಎತ್ತಿನ ಗಾಡಿಯಲ್ಲಿ ರಸ್ತೆಗೆ, ಅಲ್ಲಿಂದ ಬಸ್ಸಿನಲ್ಲಿ ಆಸ್ಪತ್ರೆಗೆ. ಮನೆಗೆ ಬಂದದ್ದು ಲಾರಿಯಲ್ಲಿ. ಮಾವನಿಗೆ ಆಗಿನ್ನೂ ಮೀಸೆ ಬಂದಿರಲಿಲ್ಲ. ಆಸ್ಪತ್ರೆಗೆ ಹೋದವರು ವಾಪಸ್ ಬರಲ್ಲ ಎಂದು ಅವತ್ತು ಬರೆದುಕೊಂಡದ್ದನ್ನು ಇನ್ನೂ ಅಳಿಸಿಲ್ಲ. ಆಸ್ಪತ್ರೆಗೆ ಹೊರಡುವ ಮುಂಚೆ ಅಜ್ಜ ಎರಡು ದಿನ ಹಿತ್ತಲ ಜಗಲಿಯಲ್ಲಿ ಬಿಸಿನೀರು ಕುಡಿಯುತ್ತಾ ಕೂತಿದ್ದರು ಎಂದು ನನ್ನ ತಾಯಿ ಹೇಳುತ್ತಾರೆ. ಆ ಎರಡು ದಿನ ಮಾವನ ಲೆಕ್ಕದಲ್ಲಿಲ್ಲ. ತಡವಾಗಿ ಹೋಗಿ ಸತ್ತವರೆಲ್ಲ ಆಸ್ಪತ್ರೆಯ ಖಾತೆಗೆ ಜಮೆಯಾಗುತ್ತಾರೆ. ಗ್ಯಾಸಾದರೆ ಆ ಭಯವಿಲ್ಲ, ಗ್ಯಾಸಿನಿಂದ ಯಾರೂ ಲಾರಿಯಲ್ಲಿ ಬಂದಿಲ್ಲ.

ಈಗೀಗ ಮಾವ ದೇವಸ್ಥಾನದ ಏರು ಹತ್ತುವಾಗ ನಡುವೆ ನಿಲ್ಲುತ್ತಾರೆ. ಕೇಳಿದರೆ ಟ್ರಾನ್ಸ್‌ಫಾರ್ಮರ್ ಕಡೆ ಕೈ ತೋರಿಸಿ, "ಆಯಿಲ್ ಸೋರ್ತಿದೆ ನೋಡು" ಅನ್ನುತ್ತಾರೆ. ಬಲಗೈ ತೋರುತ್ತಿರುತ್ತದೆ, ಎಡಗೈ ಎದೆ ಒತ್ತುತ್ತಿರುತ್ತದೆ. ನಿಂತರೆ ಕಡಿಮೆ, ನಡೆದರೆ ಮತ್ತೆ. ಹೃದಯದ ರಕ್ತನಾಳ ಕಟ್ಟುತ್ತಿರುವುದಕ್ಕೆ ಇದಕ್ಕಿಂತ ಸ್ಪಷ್ಟ ನೋಟಿಸು ಬೇಕಿಲ್ಲ. ಅತ್ತೆ ಮುಂದಿನ ವಾರಕ್ಕೆ ಹೃದ್ರೋಗ ತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾರೆ. ಮಾವನಿಗೆ ಹೇಳಿರುವುದು, ಗ್ಯಾಸಿನ ದೊಡ್ಡ ಡಾಕ್ಟರು ಅಂತ.

ನಿಮ್ಮ ಮನೆಯಲ್ಲೂ ಇಂಥ ಮಾವ ಇದ್ದರೆ ಮುಂದಿನ ವಾರದವರೆಗೂ ಕಾಯಬೇಡಿ, ಬೇಗ ತೋರಿಸಿ. ಎದೆಬಿಗಿತ ಕೂತರೂ ಇಳಿಯದೆ ಬೆವರೋ ಉಬ್ಬಸವೋ ಜೊತೆಯಾದರೆ, ತಲೆನೋವು ಸಿಡಿಲಿನಂತೆ ಒಮ್ಮೆಗೇ ಎರಗಿದರೆ, ಅಥವಾ ಅದರ ಜೊತೆ ಮಾತು ತೊದಲಿದರೆ, ಒಂದು ಪಕ್ಕ ಸೋತರೆ, ಷೋಕೇಸು ಮುಚ್ಚಿ ಆಗಲೇ 108ಕ್ಕೆ ಫೋನ್ ಮಾಡಿ. ಗ್ಯಾಸೇ ಆಗಿದ್ದರೆ ಡಾಕ್ಟರೇ ಹೇಳಿ ಮನೆಗೆ ಕಳಿಸುತ್ತಾರೆ.