ಆಚಾರ್ರ ರುಜು

ದಾವಣಗೆರೆಯಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಈ ಆಚಾರ್ರು ಗೊತ್ತು. ಕಿವಿ ಮೇಲೆ ಚಪ್ಪಟೆ ಪೆನ್ಸಿಲ್ಲು, ಮೀಸೆ ಮೇಲೆ ಸಾಗುವಾನಿ ಹೊಟ್ಟು, ಬಾಯಲ್ಲಿ ‘ನಾಳೆ ಬರ್ತೀನ್ರಿ’. ಆ ನಾಳೆ ಬರುವುದು ತಡ. ಬಂದರೆ ಮಾತ್ರ ಅವರು ಕೂಡಿಸಿದ ಕೀಲಿನೊಳಗೆ ಕಾಗದ ಕೂಡ ತೂರುವುದಿಲ್ಲ. ಇರುವುದು ಒಂದೇ ಚಟ: ಯಾರ ಕಣ್ಣಿಗೂ ಬೀಳದ ಕಡೆ ಏನಾದರೊಂದು ಬಿಟ್ಟು ಬರುವುದು.

ತಲೆಬಾಗಿಲು ನಿಲ್ಲಿಸುವ ದಿನ ಯಜಮಾನರು ಹೊಸ್ತಿಲ ಕೆಳಗೆ ನವರತ್ನ, ಪಂಚಲೋಹದ ಚೂರು ಇಡುತ್ತಾರೆ. ಅದು ಶಾಸ್ತ್ರ. ಎಲ್ಲರೂ ಮಂಗಳಾರತಿಗೆ ಕೈ ಒಡ್ಡಿದ ಹೊತ್ತಿನಲ್ಲಿ ಆಚಾರ್ರು ಆ ವರ್ಷದ ಒಂದು ರೂಪಾಯಿ ನಾಣ್ಯವನ್ನು ಚೌಕಟ್ಟಿನಡಿ ಸರಿಸುತ್ತಾರೆ. ಇದು ಅವರ ಸ್ವಂತ ಶಾಸ್ತ್ರ. ಮುಂದೆ ಮನೆ ಕೆಡವುವವನಿಗೆ ಇಸವಿ ತಿಳಿಯಬೇಕಲ್ಲ! ಗೃಹಪ್ರವೇಶದ ಮೊದಲೇ ಕೆಡವುವವನ ಚಿಂತೆ ಹತ್ತಿದೆ ಎಂದು ಯಜಮಾನರಿಗೆ ಗೊತ್ತಾಗದಿರುವುದೇ ಕ್ಷೇಮ.

‘ಯಾಕ್ರೀ ಇದೆಲ್ಲ?’ ಎಂದವರಿಗೆ ಹರಿಹರದ ಗುಡಿ ತೋರಿಸುತ್ತಾರೆ. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಕಟ್ಟಿಸಿದವನ ಹೆಸರು ಪುಸ್ತಕದಲ್ಲಿದೆ. ಕಡೆದು ಕನ್ನಡಿಯಂತೆ ಮಾಡಿದ ಆ ಕಂಬಗಳ ಮುಂದೆ ನಿಂತು ಆಚಾರ್ರು ಕೇಳುವುದು, ‘ಮಾಡಿದೋನು ಯಾರು?’ ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಶಿಲ್ಪದ ಕೆಳಗೆ ಬಿರುದುಗಳ ಸಮೇತ ಹೆಸರು ಕೊರೆದ. ಸೋಮನಾಥಪುರದ ಮಲ್ಲಿತಮ್ಮ ಕೆಲವೆಡೆ ‘ಮಲ್ಲಿ’ ಎಂದಷ್ಟೇ ಬರೆದ, ಇನ್ನು ಕೆಲವೆಡೆ ಬರೀ ‘ಮ’. ಆ ‘ಮ’ ಆಚಾರ್ರಿಗೆ ಬಲು ಇಷ್ಟ. ಕೆಲಸದ ಒತ್ತಡ ಬಲ್ಲವನ ರುಜು ಅದು.

ಕಾರ್ಖಾನೆಯಿಂದ ಬರುವ ಅಡುಗೆಮನೆ ಕಪಾಟಿನ ಬೆನ್ನಿಗಿರುವ ಬಾರ್‌ಕೋಡ್ ಚೀಟಿಯನ್ನು ಮಾತ್ರ ಅವರು ರುಜುವೆಂದು ಒಪ್ಪುವುದಿಲ್ಲ. ಅವರದೇನಿದ್ದರೂ ಸನ್ಮೈಕಾಕ್ಕೆ ಫೆವಿಕಾಲ್ ಬಳಿಯುವ ಮುಂಚೆ ಪ್ಲೈವುಡ್ ಮೇಲೆ ಬರೆಯುವ ದಿನಚರಿ: ತಾರೀಖು, ಮಳೆ, ಮಧ್ಯಾಹ್ನದ ಮಂಡಕ್ಕಿ-ಮೆಣಸಿನಕಾಯಿ, ಬಾಕಿ ಹಣ. ಬಾಕಿಯ ಅಂಕಿಯನ್ನು ಸ್ವಲ್ಪ ಒತ್ತಿ ಬರೆಯುತ್ತಾರೆ.

ಗುಟ್ಟು ರಟ್ಟಾದದ್ದು ವಿದ್ಯಾನಗರದ ಒಂದು ಮನೆಯಲ್ಲಿ. ಎಲ್‌ಐಸಿ ಬಾಂಡ್ ಹುಡುಕುತ್ತ ಯಜಮಾನರು ಡ್ರಾಯರನ್ನೇ ಪೂರ್ತಿ ಎಳೆದು ಬೋರಲು ಹಾಕಿದರು. ತಳದಲ್ಲಿ ದುಂಡಗಿನ ಅಕ್ಷರ: ‘ಸೋಮವಾರ. ಚಹಾ ಕೊಟ್ಟರು. ಸಕ್ಕರೆ ಇಲ್ಲ.’

ಆಚಾರ್ರಿಗೆ ಕರೆ ಹೋಯಿತು. ಆ ಸಲ ‘ನಾಳೆ’ ಅನ್ನಲಿಲ್ಲ, ಅವತ್ತೇ ಬಂದರು.

‘ಏನ್ರೀ ಆಚಾರ್ರೇ ಇದು?’

‘ಅಳತೆ ಬರ್ಕಂಡಿದ್ದೆ ಸಾವ್ಕಾರ್ರೇ.’

‘ಸಕ್ಕರೆ ಅಳತೇನಾ?’

ಉಜ್ಜುವ ಕಾಗದ ತೆಗೆದು ಅಳಿಸಲು ಕೂತವರನ್ನು ಒಳಗಿನಿಂದ ಬಂದ ಅಮ್ಮಾವ್ರು ತಡೆದರು. ‘ಅಳಿಸಬ್ಯಾಡ್ರಿ. ಈಗ ಕೊಡೋದನ್ನೂ ಕೆಳಗೆ ಬರೀರಿ’ ಎಂದು ಲೋಟ ಮುಂದಿಟ್ಟರು.

ಆಚಾರ್ರು ಕುಡಿದು ನೋಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ಕಿವಿಯಿಂದ ಪೆನ್ಸಿಲ್ ತೆಗೆದರು.